ಕುರ್ಚಿಯ ಕೈ

ಕುರ್ಚಿಯಿಂದ ಏಳಲು ಹೊರಟ ಮುದುಕಿಯ ಕೈ ಪಕ್ಕದಲ್ಲಿ ಏನನ್ನೋ ಹುಡುಕಿತು, ಬರೀ ಗಾಳಿಯನ್ನು ಹಿಡಿಯಿತು, ಮತ್ತೆ ತೊಡೆಯ ಮೇಲೆ ಬಿತ್ತು. ಬಡಗಿ ನೋಡಿಯೂ ನೋಡದವನಂತೆ ಉಳಿ ಒರೆಸುತ್ತ ನಿಂತ. ಒಂದು ತಿಂಗಳಲ್ಲಿ ಏಳು ಸಲ ಈ ಕುರ್ಚಿಯನ್ನು ಬಿಚ್ಚಿ ಜೋಡಿಸಿ ಅವನ ಸೊಂಟ ಬಿದ್ದುಹೋಗಿತ್ತು. ಡಿಸೈನರಮ್ಮ ಪ್ರತಿ ಸಲವೂ ಏನಾದರೊಂದು ತೆಗೆಸುತ್ತಿದ್ದಳು. ಮೊದಲು ಬೆನ್ನಿನ ಪಟ್ಟಿ ಹೋಯಿತು, ಆಮೇಲೆ ಕಾಲುಗಳ ನಡುವಿನ ಅಡ್ಡಪಟ್ಟಿ, ಕೊನೆಗೆ ಎರಡೂ ಪಕ್ಕದ ಕೈಗಳು. "ಕಣ್ಣಿಗೆ ಭಾರ ಅನ್ನಿಸಬಾರದು" ಎನ್ನುತ್ತಿದ್ದಳು. ಫೋಟೊ ತೆಗೆಯುವವರೆಗೆ ಮಾದರಿ ಕುರ್ಚಿಯ ಮೇಲೆ ಯಾರೂ ಕೂರಕೂಡದೆಂದು ಅವಳ ಕಟ್ಟಪ್ಪಣೆ ಬೇರೆ. ಹಾಗಾಗಿ ಏಳು ಸಲದಲ್ಲಿ ಒಬ್ಬರೂ ಅದರ ಮೇಲೆ ಕೂತು ನೋಡಿರಲಿಲ್ಲ.

ಮುದುಕಿ ಅವಳ ತಾಯಿ. ಮಗಳನ್ನು ಕರೆದೊಯ್ಯಲು ಬಂದವಳು ಮೆಟ್ಟಿಲು ಹತ್ತಿ ಸುಸ್ತಾಗಿ, ಯಾರನ್ನೂ ಕೇಳದೆ ಕೂತುಬಿಟ್ಟಿದ್ದಳು.

"ಅಯ್ಯೋ, ಏಳಮ್ಮಾ! ಕಲೆ ಆಗತ್ತೆ!"

"ಏಳ್ತಾನೇ ಇದೀನಲ್ಲೇ. ಕೂತ್ಕೊಳ್ಳೋಕೆ ಸೊಗಸಾಗಿದೆ ಕಣೆ. ಏಳೋಕೆ ಮಾತ್ರ ಒಂದಾಳು ಬೇಕು."

ಕೈ ಇನ್ನೊಮ್ಮೆ ಗಾಳಿ ಹಿಡಿಯಿತು. ಬಡಗಿ ಉಳಿ ಕೆಳಗಿಟ್ಟು ಬಂದು, ಕುರ್ಚಿಯ ಕೈ ಮೊದಲಿದ್ದ ಎತ್ತರಕ್ಕೇ ಸರಿಯಾಗಿ ತನ್ನ ಮುಂಗೈ ಚಾಚಿದ. ಮುದುಕಿ ಅದರ ಮೇಲೆ ಭಾರ ಹಾಕಿ ಎದ್ದಳು.

ಮಗಳು ಆ ಮುಂಗೈಯನ್ನೇ ನೋಡುತ್ತಿದ್ದಳು. ಆಮೇಲೆ ಅವನ ಕಿವಿಯ ಮೇಲಿದ್ದ ಪೆನ್ಸಿಲನ್ನು ಎಳೆದುಕೊಂಡು ನಕ್ಷೆಯ ಮೇಲೆ ಬಾಗಿದಳು. ಇದು ಎಂಟನೆಯದು ಎಂದು ಬಡಗಿ ನಿಟ್ಟುಸಿರು ಬಿಟ್ಟ. ಅಳಿಸಿದ್ದ ಗೆರೆಗಳ ಗುರುತು ಕಾಗದದಲ್ಲಿ ಇನ್ನೂ ಇತ್ತು. ಪೆನ್ಸಿಲು ನಿಧಾನವಾಗಿ ಅದರ ಮೇಲೆಯೇ ಹೋಯಿತು.