ಏಳು ಸೀಟು

“ಮನೇಲಿ ಇರೋದು ನೀವೊಬ್ಬರೇ. ಏಳು ಸೀಟಿನ ಎಸ್‌ಯುವಿ ಯಾಕೆ ಅತ್ತಿಗೆ? ಚಿಕ್ಕ ಕಾರು ಸಾಕಾಗಲ್ವಾ?” ಷೋರೂಮಿನಲ್ಲಿ ಮೈದುನ ಕೊನೆಯ ಸಲ ಕೇಳಿದ.

“ನನ್ನ ಸಂಸಾರಕ್ಕೆ ಇದೇ ಬೇಕು.”

ಮಾರಾಟದ ಹುಡುಗಿ ಚಕ್ರಗಳಡಿ ನಿಂಬೆಹಣ್ಣು ಇಟ್ಟು, ಆರತಿ ತಟ್ಟೆಯನ್ನು ಅತ್ತಿಗೆಯತ್ತ ಚಾಚಿದಳು.

ಮೈದುನ ತಡೆದ. “ಅವರು ಬೇಡಮ್ಮ, ನೀನೇ ಎತ್ತು. ಗಂಡ ಸತ್ತವರು ಹೊರಡೋ ಗಾಡಿಗೆ ಎದುರು ಬರಬಾರದು.”

“ಸರಿ, ಬರಲ್ಲ ಬಿಡಪ್ಪ.”

ಅತ್ತಿಗೆ ಕಾರು ಹತ್ತಿ ಸ್ಟೀರಿಂಗ್ ಹಿಡಿದಳು. ನಾಲ್ಕು ನಿಂಬೆಹಣ್ಣೂ ಅಪ್ಪಚ್ಚಿಯಾದವು.

ಗೇಟಿನಾಚೆ ಅವಳಿಗಾಗಿ ಆರು ಜನ ಹೆಂಗಸರು ಕಾಯುತ್ತಿದ್ದರು. ಯಾರ ಹಣೆಯಲ್ಲೂ ಕುಂಕುಮವಿರಲಿಲ್ಲ.

ಅವಳು ಮೈದುನನಿಗೆ ಕೇಳುವಂತೆ ಕೂಗಿದಳು: “ಬೇಗ ಒಳಗೆ ಹತ್ತಿ, ನಾವು ಗಾಡಿಗೆ ಎದುರು ಬರಬಾರದಂತೆ!”