ದೋಣಿಯ ಬಿರಡೆ

ಇನ್ನೂ ಒದ್ದೆಯಾಗಿದ್ದ ರಬ್ಬರ್ ಬಿರಡೆಯನ್ನು ಓರಿನ್ ಅಡುಗೆಮನೆಯ ಮೇಜಿನ ಮೇಲೆ, ತಮ್ಮನ ಕಾಫಿ ಲೋಟದ ಪಕ್ಕದಲ್ಲಿ ಕುಕ್ಕಿದ. “ತಗೋ. ಇನ್ಮೇಲೆ ನೀನೇ ಇಟ್ಕೋ.”

ಲೋವೆಲ್ ಅದನ್ನು ಮುಟ್ಟಲಿಲ್ಲ. ಅವರಪ್ಪ ದೋಣಿಯನ್ನು ಇಬ್ಬರಿಗೂ ಬಿಟ್ಟು ಹೋಗಿದ್ದ. ಅದರ ತಳದ ತೂತು ಮುಚ್ಚುವ ಬಿರಡೆಯನ್ನು ಮಾತ್ರ ಹಿರಿಯನ ಕೈಗೆ ಕೊಟ್ಟಿದ್ದ. ಬಿರಡೆ ಇದ್ದವನೇ ವರ್ಷದ ಮೊದಲ ಬ್ಲೂಗಿಲ್ ಮೀನಿಗೆ ಗಾಳ ಹಾಕುವ ದಿನವನ್ನು ಹೇಳಬೇಕು. ಓರಿನ್ ಹೇಳುತ್ತಿದ್ದದ್ದು ಅಮ್ಮ ಮನೆಗೋಡೆಯ ಪಕ್ಕ ನೆಟ್ಟ ಲೈಲಾಕ್ ಗಿಡ ನೋಡಿ. ಅದರ ನೇರಳೆ ಗೊಂಚಲು ಅರಳಿತೆಂದರೆ ಸರೋವರದ ನೀರು ಬೆಚ್ಚಗಾಗಿ ಮೀನು ಮೊಟ್ಟೆಯಿಡಲು ದಡಕ್ಕೆ ಬಂದಿದೆ ಎಂದೇ ಲೆಕ್ಕ. ಲೋವೆಲ್‌ಗೆ ಹೂವಿನಲ್ಲಿ ನಂಬಿಕೆಯಿಲ್ಲ. ದಾರ ಕಟ್ಟಿ ನೀರಿಗೆ ಇಳಿಬಿಡುವ ಥರ್ಮಾಮೀಟರ್ ಒಂದನ್ನೇ ಅವನು ನಂಬುತ್ತಾನೆ. ಓರಿನ್‌ನ ಹೆಂಡತಿ ಮಾರ್ಲಿಸ್ ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಪ್ರತಿ ಮೇ ತಿಂಗಳೂ ಇದೇ ಜಗಳ ಕೇಳುತ್ತಿದ್ದಾಳೆ.

ಮೀನು ಹುರಿಯಲೆಂದು ಇಳಿಸಿಟ್ಟಿದ್ದ ಬಾಣಲೆಗೆ ಅವಳೀಗ ಮೊಟ್ಟೆ ಒಡೆದು ಹಾಕುತ್ತಿದ್ದಳು.

“ಮೂರು ವರ್ಷ ಆಯ್ತು,” ಎಂದ ಓರಿನ್. “ಗಿಡ ಅರಳಿದೆ ಅಂತೀನಿ, ಹೋಗ್ತೀವಿ, ನೀರಿಗೆ ಕೈಯಿಟ್ಟರೆ ಬೆರಳು ಸೆಟೆದುಕೊಳ್ಳುತ್ತೆ. ಖಾಲಿ ಬಕೆಟ್ ಹಿಡ್ಕೊಂಡು ವಾಪಸ್ ಬರ್ತೀವಿ. ಇವತ್ತು ದಡದಲ್ಲಿ ಆ ಹುಡುಗರೆಲ್ಲ ನಗ್ತಿದ್ರು, ಕೇಳಿಸ್ತಾ? ನನ್ನ ತಲೆ ಕೆಟ್ಟಿದೆ ಕಣೋ.”

“ಅದೇನು ಹೊಸದಾ?”

“ತಮಾಷೆ ಬೇಡ. ಬಿರಡೆ ತಗೋ. ನಾನಿನ್ನು ದೋಣಿ ಹತ್ತಲ್ಲ.”

“ನನಗ್ಯಾಕೆ ಬೇಕು? ನನ್ನ ಕೈಗೆ ಬಂದ್ರೆ ಸರಿಯಾದ ದಿನ ಹೇಳ್ಬಿಡ್ತೀನಿ. ಆಮೇಲೆ ಯಾರ ಹತ್ರ ಜಗಳ ಆಡ್ಲಿ?”

ಮಾರ್ಲಿಸ್ ಒಲೆ ಆರಿಸಿ ಸೌಟನ್ನು ಸಿಂಕಿಗೆ ಎಸೆದಳು. “ಒಂದು ಹೂವು, ಒಂದು ಗಾಜಿನ ಕಡ್ಡಿ! ಇಬ್ಬರು ಮುದುಕರಿಗೆ ಅಷ್ಟು ಸಾಕು ನನ್ನ ಜೀವ ತಿನ್ನೋಕೆ. ಆ ಗಿಡಾನ ಬುಡಸಮೇತ ಕಡಿದು ಹಾಕ್ತೀನಿ ಇರಿ,” ಎನ್ನುತ್ತ ಕತ್ತರಿ ಹಿಡಿದು ಹೊರಗೆ ನಡೆದಳು.

ಉತ್ತರ ವಿಸ್ಕಾನ್ಸಿನ್ನಿನ ಗಾಳಿ ಇನ್ನೂ ಕೊರೆಯುತ್ತಿತ್ತು. ಗಿಡದ ಹತ್ತಿರ ಹೋದಾಗ ಅವಳಿಗೆ ಹೂವಿನ ವಾಸನೆಗಿಂತ ಮೊದಲು ಬಡಿದದ್ದು ಸಾಬೂನಿನ ವಾಸನೆ. ಗೋಡೆಯ ಬದಿಯ ಕೊಂಬೆಗಳು ಮೈತುಂಬ ಅರಳಿದ್ದವು. ಸುತ್ತಿ ರಸ್ತೆಯ ಬದಿಗೆ ಬಂದಳು. ಅಲ್ಲಿ ಒಂದೇ ಒಂದು ಹೂವಿಲ್ಲ. ಮೊಗ್ಗುಗಳು ಮುಷ್ಟಿ ಕಟ್ಟಿಕೊಂಡು ಕೂತಿದ್ದವು. ಮತ್ತೆ ಗೋಡೆಯ ಕಡೆಗೆ ಬಂದು ಬಗ್ಗಿದಳು. ಮಂಡಿಗೆ ಬಿಸಿಗಾಳಿ ತಾಗಿತು.

ಬಟ್ಟೆ ಒಣಗಿಸುವ ಯಂತ್ರದ ಬಿಸಿಗಾಳಿ ಹೊರಬರುವ ಕೊಳವೆ! ಮೊದಲು ಯಂತ್ರ ನೆಲಮಾಳಿಗೆಯಲ್ಲಿತ್ತು. ಮೂರು ವರ್ಷದ ಹಿಂದೆ, ಮೆಟ್ಟಿಲಿಳಿಯಲು ಇವಳ ಮಂಡಿ ಒಪ್ಪದಾದಾಗ, ಅಣ್ಣತಮ್ಮಂದಿರೇ ಅದನ್ನು ಮೇಲಕ್ಕೆ ಹೊತ್ತು ತಂದು, ಬೈದಾಡಿಕೊಂಡು ಗೋಡೆ ಕೊರೆದಿದ್ದರು. ಬಾಡಿಗೆ ಕ್ಯಾಬಿನ್‌ಗಳು ಬೇಸಿಗೆಗೆ ತೆರೆಯುವ ಮುಂಚೆ ಅಲ್ಲಿನ ಚಾದರಗಳೆಲ್ಲ ಒಗೆಯಲು ಬರುವುದು ಇವಳ ಬಳಿಗೆ. ಏಪ್ರಿಲ್, ಮೇ ಪೂರ್ತಿ ಯಂತ್ರಕ್ಕೆ ಬಿಡುವಿಲ್ಲ. ಓರಿನ್ ಗಿಡ ನೋಡುತ್ತಿದ್ದದ್ದು ಅಡುಗೆಮನೆಯ ಕುರ್ಚಿಯಲ್ಲಿ ಕೂತು, ಕಿಟಕಿಯಿಂದ. ಅಲ್ಲಿಂದ ಕಾಣುವುದು ಗೋಡೆಯ ಬದಿ ಮಾತ್ರ.

ಅವಳು ಸೊಂಟ ನೆಟ್ಟಗೆ ಮಾಡಿಕೊಂಡು ಯೋಚಿಸಿದಳು. ಬಾಯಿ ಮುಚ್ಚಿಕೊಂಡಿದ್ದರೆ ಸಾಕು. ಮುಂದಿನ ಮೇ ತಿಂಗಳಿನಿಂದ ಜಗಳವಿಲ್ಲದೆ ಮನೆ ತಣ್ಣಗಿರುತ್ತದೆ. ಹೇಳಿದರೆ ಯಂತ್ರ ನಿಲ್ಲಿಸಬೇಕು, ಅಷ್ಟೂ ಚಾದರಗಳನ್ನು ಕೈಯಾರೆ ಹಗ್ಗಕ್ಕೆ ಹಾಕಬೇಕು.

ಕಿಟಕಿಯಲ್ಲಿ ಇಣುಕಿದಳು. ಲೋವೆಲ್ ಒಂದು ಬೆರಳಿನಿಂದ ಬಿರಡೆಯನ್ನು ಅಣ್ಣನ ಕಡೆಗೆ ತಳ್ಳಿದ. ಓರಿನ್ ಅದನ್ನು ನೋಡಲೂ ಇಲ್ಲ. ಇಷ್ಟು ವರ್ಷದಲ್ಲಿ ಆ ಅಡುಗೆಮನೆ ಹಾಗೆ ಸುಮ್ಮನಿದ್ದದ್ದನ್ನು ಅವಳು ಕಂಡಿರಲಿಲ್ಲ.

“ಹಾಳಾಗಿ ಹೋಗ್ಲಿ,” ಎಂದುಕೊಂಡು ಒಳಗೆ ಹೋಗಿ ಯಂತ್ರ ಆರಿಸಿದಳು. ಪಕ್ಕದ ಹಳೆಯ ವಾಷಿಂಗ್ ಮೆಷಿನ್ ನೀರು ಸರಿಯಾಗಿ ಹಿಂಡುವುದಿಲ್ಲ. ಅದರಿಂದ ಸೋರುತ್ತಿದ್ದ ಚಾದರಗಳನ್ನು ಬುಟ್ಟಿಗೆ ತುಂಬಿ ಲೈಲಾಕ್ ಗಿಡದ ಪಕ್ಕದ ಹಗ್ಗದ ಬಳಿಗೆ ಎಳೆದಳು.

ಓರಿನ್ ಕಿಟಕಿಯ ಗಾಜು ಮೇಲೆತ್ತಿದ. “ಈ ಚಳೀಲಿ ಏನೇ ಅದು? ಡ್ರೈಯರ್‌ಗೆ ಏನಾಯ್ತು?”

ಅವಳ ಬಾಯಲ್ಲಿ ಬಟ್ಟೆ ಕ್ಲಿಪ್ಪುಗಳಿದ್ದವು. ಗದ್ದ ಎತ್ತಿ ಗೋಡೆಯ ಕೊಳವೆಯನ್ನು ತೋರಿಸಿದಳು. ಆಮೇಲೆ ಅರಳಿದ ಕೊಂಬೆಯನ್ನು. ಆಮೇಲೆ ಅತ್ತ ಬದಿಯ ಮೊಗ್ಗುಗಳನ್ನು.

ಇಬ್ಬರೂ ಹೊರಬಂದರು. ಲೋವೆಲ್ ಬಗ್ಗಿ ಕೊಳವೆಗೆ ಅಂಗೈ ಹಿಡಿದ. ಇನ್ನೂ ಬೆಚ್ಚಗಿತ್ತು. ಓರಿನ್ ಗಿಡದ ಸುತ್ತ ಬಂದು ಮೊಗ್ಗೊಂದನ್ನು ಹಿಸುಕಿ ನೋಡಿದ. ಒಳಗೆ ಹೋದ. ಮರಳಿ ಬಂದಾಗ ಅಂಗಿಯ ಜೇಬು ಬಿರಡೆಯ ಗಾತ್ರಕ್ಕೆ ಉಬ್ಬಿತ್ತು.

“ಇನ್ನು ಹತ್ತು ದಿನ,” ಎಂದ.

“ಯಾವ ಕೊಂಬೆ ಹೇಳ್ತಪ್ಪ? ನೀರು ನೋಡಿದ್ರೆ ಎರಡು ವಾರದ ಮೇಲೇ ಬೇಕು.”

“ನಿನ್ನ ಥರ್ಮಾಮೀಟರ್‌ನ ನಮ್ಮಮ್ಮ ನೆಟ್ಟಿದ್ಲಾ?”

ಮಾರ್ಲಿಸ್ ಬಾಯಿಂದ ಕ್ಲಿಪ್ಪು ತೆಗೆದು, ಒಂದು ಒದ್ದೆ ಚಾದರದ ಎರಡು ತುದಿಗಳನ್ನು ಇಬ್ಬರ ಕೈಗೂ ತುರುಕಿದಳು. “ಕಿತ್ತಾಡಿ. ಹಿಂಡ್ಕೊಂಡು ಕಿತ್ತಾಡಿ.”

ಒಬ್ಬ ಎಡಕ್ಕೆ, ಇನ್ನೊಬ್ಬ ಬಲಕ್ಕೆ ತಿರುಚಿದರು. ದನಿ ಏರಿದಷ್ಟೂ ಚಾದರ ಹುರಿಗೊಂಡಿತು. ಅದರ ನೀರೆಲ್ಲ ಸುರಿದು ಲೈಲಾಕಿನ ಬುಡಕ್ಕೆ ಹರಿಯಿತು.