ಎರಡನೆಯ ಮುಳುಗು

ಯಾಕೋಬಪ್ಪ ಅಂಗಿ ಬಿಚ್ಚಿ ಹೆಂಡತಿ ಕಸ್ತೂರೆವ್ವನ ಕೈಗೆ ಕೊಟ್ಟು, ಧೋತರ ಎತ್ತಿ ಕಟ್ಟಿ, ಶಂಕ್ರಪ್ಪನ ಹೊಲದ ಕೃಷಿ ಹೊಂಡದ ದಂಡೆಗೆ ಬಂದು ನಿಂತ. ತಿರ್ಲಾಪುರದಲ್ಲಿ ಆಳದ ನೀರೆಂದರೆ ಇದೊಂದೇ. ಊರ ಕೆರೆಯದು ಕುಡಿಯುವ ನೀರು, ಅದಕ್ಕೆ ಯಾರೂ ಕಾಲಿಡುವಂತಿಲ್ಲ. ನವಲಗುಂದದಿಂದ ಬೈಕಿನ ಮೇಲೆ ಬಂದಿದ್ದ ಪಾಸ್ಟರ್ ಜಯವಂತ ಮಾತ್ರ ಬೂಟು ಕೂಡ ಬಿಚ್ಚದೆ ಮೇಲೆಯೇ ನಿಂತಿದ್ದ.

"ಕಾಕಾ, ದೀಕ್ಷಾಸ್ನಾನ ಒಮ್ಮೆ ಆತಂದ್ರ ಆತು. ಎರಡನೇ ಸಲ ನಾ ಮಾಡಂಗಿಲ್ರಿ."

"ಮೊದಲನೇದು ಎಲ್ಲಿ ಆಗೇತ್ರಿ ಪಾಸ್ಟರ್ರ? ಹ್ವಾದ ವರ್ಷ ಕಾಲುವ್ಯಾಗ ನೀರು ಬರೇ ಮೊಳಕಾಲಮಟ ಇತ್ತು. ನೀವು ಮುಳುಗಿಸಿದಾಗ ನನ್ನ ಹೊಟ್ಟಿ ಮ್ಯಾಲೇ ಉಳೀತು."

"ಅಷ್ಟು ಹೊಟ್ಟಿ ಬೆಳಸಂತ ಕಾಲುವಿ ಹೇಳಿತ್ತೇನ್ರಿ?" ಎಂದಳು ಕಸ್ತೂರೆವ್ವ.

ಪಾಸ್ಟರ್ ನಗು ನುಂಗಿಕೊಂಡ. ಯಾಕೋಬಪ್ಪನಿಗೆ ಇದು ನಗುವ ಮಾತಾಗಿರಲಿಲ್ಲ. ಅವನು ಹಿಂದೆ ಪಕ್ಕದ ಹೊಲದ ಶಂಕ್ರಪ್ಪನ ಬಾಂದಗಲ್ಲು ಕಿತ್ತು ಆಚೆ ಸರಿಸಿ, ಒತ್ತಿದ ಪಟ್ಟಿಯಲ್ಲಿ ಸದ್ದಿಲ್ಲದೆ ಹತ್ತಿ ಬೆಳೆದವನು. ಹೋದ ವರ್ಷ ಮನಸ್ಸು ಕುಟುಕಿ, ತಾನೇ ಆ ಕಲ್ಲನ್ನು ಹೊತ್ತು ತಂದು ಮೊದಲಿನ ಜಾಗದಲ್ಲಿ ನೆಟ್ಟು, ಶಂಕ್ರಪ್ಪನ ಕಾಲು ಹಿಡಿದು ಅತ್ತಿದ್ದ. ಕಾಲುವೆಯಲ್ಲಿ ಮುಳುಗಿದ್ದು ಅದರ ಮರುವಾರ. ಆದರೂ ಚರ್ಚಿನಲ್ಲಿ ಪ್ರಭುಭೋಜನದ ರೊಟ್ಟಿ ತನ್ನ ಸಾಲಿಗೆ ಬರುವ ಹೊತ್ತಿಗೆ ಕೆಮ್ಮುತ್ತ ಎದ್ದು ಹೊರಗೆ ಹೋಗಿಬಿಡುತ್ತಿದ್ದ. ಅದನ್ನು ಬಾಯಿಗಿಡಲು ಅವನಿಗೆ ಧೈರ್ಯವೇ ಬಂದಿರಲಿಲ್ಲ.

"ಕ್ಷಮಾ ಮಾಡ್ತೀನಂತ ದೇವರು ಮಾತು ಕೊಟ್ಟಾನ. ನಂಬಿಕಿ ಇಲ್ಲೇನ್ರಿ ಕಾಕಾ?"

"ಅವನ ಮ್ಯಾಲ ಐತ್ರಿ, ನನ್ನ ಮ್ಯಾಲ ಇಲ್ಲ. ಸತ್ತು ಹ್ವಾದ ಮ್ಯಾಲ ಸ್ವರ್ಗದ ಬಾಗಲದಾಗ ನಿಂದರಿಸಿ, ಆ ಕಲ್ಲಿಂದು ಏನಪಾ ಅಂತ ಕೇಳಿದ್ರ ಏನ್ ಹೇಳ್ಲಿ?"

ಅಷ್ಟರಲ್ಲಿ ಹೊಲದೊಡೆಯ ಶಂಕ್ರಪ್ಪನೇ ಮೋಟಾರು ಚಾಲೂ ಮಾಡಲು ಬಂದ. ಹಣೆಯಲ್ಲಿ ವಿಭೂತಿ, ಹೆಗಲ ಮೇಲೆ ಪೈಪಿನ ಸುರುಳಿ. ಅವನನ್ನು ಕಂಡದ್ದೇ ಯಾಕೋಬಪ್ಪ ಕೈ ಜೋಡಿಸಿದ.

"ತಪ್ಪಾತ್ರೀ ಶಂಕ್ರಪ್ಪಣ್ಣ, ಆ ಕಲ್ಲಿನ ವಿಷಯದಾಗ..."

ಶಂಕ್ರಪ್ಪ ಪೈಪನ್ನು ನೆಲಕ್ಕೆ ಒಗೆದ. "ಚಾದಂಗಡ್ಯಾಗ ಕಂಡ್ರೂ ಇದಽ, ಬಸ್‌ಸ್ಟ್ಯಾಂಡಿನ್ಯಾಗ ಕಂಡ್ರೂ ಇದಽ. ನಾನಽ ನಿನಗ ಏನೋ ಮಾಡೀನಂತ ಮಂದಿ ನನ್ನ ಮಾರಿ ನೋಡಾಕ ಹತ್ಯಾರ. ಈಗ ಅರಿವಿ ಬಿಚ್ಚಿ ಇಲ್ಲ್ಯಾಕ ನಿಂತಿಲೇ?"

ಕಸ್ತೂರೆವ್ವ ಇದ್ದದ್ದನ್ನೆಲ್ಲ ಹೇಳಿದಳು. ಕೇಳುತ್ತ ಕೇಳುತ್ತ ಶಂಕ್ರಪ್ಪನ ಸಿಟ್ಟು ಇನ್ನಷ್ಟು ಏರಿತು.

"ಹ್ವಾದ ದಸರಾಕ್ಕ ನಿಮ್ಮನಿಗೆ ಬಂದು ನಿನ್ನ ಕೈಯಾಗ ಬನ್ನಿ ಎಲಿ ಇಟ್ಟೆ. ಇನ್ನ ಬಂಗಾರದಂಗ ಇರೂಣು ಅಂದೆ. ಅಂದ್ನೋ ಇಲ್ಲೋ?"

"ಅಂದ್ರಿ."

"ಅವತ್ತಿಂದ ಒಂದಽ ಸಲನಾದ್ರೂ ನಾ ಕಲ್ಲಿನ ಸುದ್ದಿ ತಗದೀನೇನು?"

"ಇಲ್ರಿ."

"ಬನ್ನಿ ಕೊಟ್ಟ ಮ್ಯಾಲ ಹಿಂದಿಂದು ತಗೀಬಾರದು, ಅದಕ್ಕ ತಗದಿಲ್ಲ. ನೀ ದಿನಾ ತಗೀತಿ. ಅಂದ್ರ ನಾ ಕೊಟ್ಟ ಬನ್ನಿ ಸುಳ್ಳು ಅಂದಂಗಾತು." ಶಂಕ್ರಪ್ಪನ ದನಿ ಸ್ವಲ್ಪ ಇಳಿಯಿತು. "ಎರಡು ಎಲಿ ಕೊಟ್ಟ ನಾನಽ ಬಿಟ್ಟುಕೊಟ್ಟೀನಿ. ನಿಮ್ಮ ದೇವರು ನಿನ್ನ ಸಲುವಾಗಿ ಜೀವಾನಽ ಕೊಟ್ಟಾನಂತ ನೀನಽ ಹೇಳ್ತಿದ್ದಿ. ಅಂವಾ ನನಗಿಂತ ಸಣ್ಣ ಮನಸಿನಾಂವೇನು?"

ಯಾಕೋಬಪ್ಪ ನೀರು ನೋಡಿದ, ಶಂಕ್ರಪ್ಪನನ್ನು ನೋಡಿದ. ಆಚೆ ಬದುವಿನ ಮೇಲೆ ತಾನೇ ನೆಟ್ಟ ಕಲ್ಲು ನೆಟ್ಟಲ್ಲೇ ಇತ್ತು.

"ಬಾಗಲದಾಗ ಕೇಳಿದ್ರ ಹಿಂಗಽ ಹೇಳ್ರಿ ಕಾಕಾ," ಎಂದ ಪಾಸ್ಟರ್. "ನನ್ನ ಕಡೆ ಏನೂ ಇಲ್ಲ, ಮಾತು ಕೊಟ್ಟಾಂವ ನೀನು ಅನ್ರಿ."

ಯಾಕೋಬಪ್ಪನಿಗೆ ಮೊದಲು ನಗು ಬಂತು, ಆಮೇಲೆ ಕಣ್ಣೀರು, ಕೊನೆಗೆ ಎರಡೂ ಕೂಡಿಯೇ ಬಂದವು. ಇಷ್ಟು ದಿನ ಎದೆಯ ಮೇಲೆ ಕೂತಿದ್ದ ಕಲ್ಲು ಇಳಿದ ಸಂತೋಷಕ್ಕೆ ಏನು ಮಾಡಬೇಕೆಂದೇ ಅವನಿಗೆ ತಿಳಿಯಲಿಲ್ಲ.

"ರವಿವಾರ ಪ್ರಭುಭೋಜನ ಐತ್ರಿ," ಎಂದ ಪಾಸ್ಟರ್.

"ಮುಂದಿನ ಸಾಲಿನ್ಯಾಗ ಕುಂದರ್ತೀನ್ರಿ."

ಕಸ್ತೂರೆವ್ವ ಅಂಗಿ ಮುಂದೆ ಹಿಡಿದಳು. "ಹಾಕ್ಕೋರಿ, ಹೋಗೂಣು."

ಅವನು ಅಂಗಿ ಹಾಕಿಕೊಳ್ಳಲಿಲ್ಲ. ನಾಲ್ಕು ಹೆಜ್ಜೆ ಹಿಂದೆ ಸರಿದು ಓಡಿ ಬಂದು ಹೊಂಡಕ್ಕೆ ಧುಮುಕಿದ. ಪಾಸ್ಟರ್‌ನ ಬೂಟು, ಶಂಕ್ರಪ್ಪನ ವಿಭೂತಿ ಎರಡೂ ತೊಯ್ದವು. ರೂಢಿಬಲದಿಂದ ಪಾಸ್ಟರ್ ಕಣ್ಣು ಮುಚ್ಚಿ ಆಶೀರ್ವಾದಕ್ಕೆ ಕೈ ಎತ್ತಿದ. ಯಾಕೋಬಪ್ಪ ಮೇಲೆ ಬಂದು ಅಂಗಾತ ತೇಲತೊಡಗಿದ.

"ಈ ಸಲಾನೂ ಹೊಟ್ಟಿ ಮ್ಯಾಲೇ ಐತಲ್ರಿ," ಎಂದಳು ಕಸ್ತೂರೆವ್ವ.

"ಇರ್ಲಿ ಬಿಡ," ಎಂದ ಯಾಕೋಬಪ್ಪ. "ಪಾಸ್ಟರ್ರ, ಕೈ ಇಳಸ್ರಿ. ಇದು ಬರೇ ಜಳಕ."